ಕೇಬಲ್ ಕಡ್ಡಿಯ ಸೆಟ್: ಮೂರರಲ್ಲಿ ಒಂದು ಮಾತ್ರ ಕೆಲಸಕ್ಕೆ ಬಂತು

ಸ್ವೆಟರಿನ ಎದೆಯ ಮೇಲೆ ಜಡೆಯಂತೆ ಇಳಿಯುವ ಕೇಬಲ್ ವಿನ್ಯಾಸಕ್ಕೆಂದು ಮಾರುವ ಗಿಡ್ಡ ಕಡ್ಡಿಗಳಿವು. ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಜಡೆ ತಿರುಗಿಸುವಾಗ ಕೆಲವನ್ನು ಇದರಲ್ಲಿ ಹಿಡಿದಿಡುತ್ತಾರೆ. ಒಂದು ನೇರ, ಒಂದು ನಡುವೆ ಬಾಗಿದ್ದು, ಇನ್ನೊಂದು ಕೊಕ್ಕೆಯ ಆಕಾರದ್ದು, ಮೂರೂ ಅಲ್ಯುಮಿನಿಯಂ. ಕೆಲವು ಚಳಿಗಾಲ ಬಳಸಿದ ಮೇಲೆ ಹೇಳುವುದಾದರೆ, ಬಾಗಿದ್ದಕ್ಕೆ ಮಾತ್ರ ಕೊಟ್ಟ ದುಡ್ಡು ಸಾರ್ಥಕ.

ನೇರ ಕಡ್ಡಿ ವಿಪರೀತ ನುಣುಪು. ಕುಣಿಕೆ ಏರಿಸಿ ಕೈಬಿಟ್ಟರೆ ಜಾರಿ ಸೋಫಾದ ಅಡಿ ಸೇರುತ್ತದೆ. ಕೊಕ್ಕೆಯದು ಬೀಳುವುದಿಲ್ಲ, ಆದರೆ ಕುಣಿಕೆಗಳನ್ನು ತಿರುವು ದಾಟಿಸುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಬಾಗಿದ್ದರಲ್ಲಿ ಅವು ತಗ್ಗಿನಲ್ಲಿ ತೆಪ್ಪಗೆ ಕೂರುತ್ತವೆ. ಎಂಟನೇ ನಂಬರಿನ, ಅಂದರೆ 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆಯುವವರು ಅದಕ್ಕಿಂತ ತುಸು ಸಪೂರವಾದದ್ದನ್ನೇ ಆರಿಸಿ. ದಪ್ಪಗಿದ್ದರೆ ಕುಣಿಕೆ ಹಿಗ್ಗಿ ಜಡೆಯ ಅಂಚು ಜೋಲುತ್ತದೆ. ಬಿಳಿ ನೂಲಿಗೆ ಬೂದು ಕಲೆ ಹತ್ತುವುದು ಇನ್ನೊಂದು ತಕರಾರು.

ಇಷ್ಟಕ್ಕೂ ಕೇಬಲ್ ಕಡ್ಡಿ ಬೇಕೇ? ನಾಲ್ಕು ಕುಣಿಕೆಯ ಜಡೆಗೆ ಬೇಡವೇ ಬೇಡ. ಎಡಕ್ಕೆ ವಾಲುವ ತಿರುವಾದರೆ, ಮೊದಲೆರಡನ್ನು ಬಿಟ್ಟು ಮುಂದಿನೆರಡಕ್ಕೆ ಬಲಗೈ ಕಡ್ಡಿಯನ್ನು ಹಿಂದಿನಿಂದ ತೂರಿಸಿ, ನಾಲ್ಕನ್ನೂ ಎಡಗೈ ಕಡ್ಡಿಯಿಂದ ಕಳಚಬೇಕು. ಆಗ ಎರಡು ಕುಣಿಕೆಗಳು ಯಾವ ಆಧಾರವೂ ಇಲ್ಲದೆ ಮುಂದೆ ಬಾಯ್ದೆರೆದು ನಿಲ್ಲುತ್ತವೆ. ಬುಡವನ್ನು ಹೆಬ್ಬೆರಳಿನಿಂದ ಒತ್ತಿ, ಎಡಗೈ ಕಡ್ಡಿಯನ್ನು ಮುಂದಿನಿಂದ ಅವುಗಳೊಳಗೆ ತೂರಿಸಿ, ಬಲಗಡೆಯ ಎರಡನ್ನೂ ಅದಕ್ಕೇ ಮರಳಿಸಿ, ನಾಲ್ಕನ್ನೂ ಸೀದಾ ಹೆಣೆದರಾಯಿತು. ಬಲಕ್ಕೆ ವಾಲಬೇಕಿದ್ದರೆ ಬಲಗೈ ಕಡ್ಡಿ ಮುಂದಿನಿಂದ ಹೋಗಬೇಕು, ಬಿಟ್ಟ ಕುಣಿಕೆಗಳು ಹಿಂದೆ ಉಳಿಯಬೇಕು. ಕೈ ಪಳಗಿದ ಮೇಲೆ ಇದೇ ಬೇಗ ಮುಗಿಯುತ್ತದೆ.

ಆದರೆ ನೂಲು ಒಗ್ಗಬೇಕು. ಉಣ್ಣೆಯ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಬಿಟ್ಟ ಕುಣಿಕೆ ತಕ್ಷಣ ಬಿಚ್ಚಿಕೊಳ್ಳುವುದಿಲ್ಲ. ನುಣುಪಾದ ಹತ್ತಿಯಲ್ಲೋ ಬಿದಿರಿನ ನೂಲಿನಲ್ಲೋ ಹೀಗೆ ಮಾಡಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕುಣಿಕೆ ಒಂದು ಸಾಲು ಕೆಳಗಿಳಿದಿರುತ್ತದೆ. ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಅಕ್ರಿಲಿಕ್ಕೂ ಧಾರಾಳವಾಗಿರುತ್ತದೆ, ಲೇಬಲ್ ನೋಡಿಯೇ ಧೈರ್ಯ ಮಾಡಿ. ಎಂಟು ಕುಣಿಕೆಯ ಅಗಲದ ಜಡೆಯಾದರೆ ಒಳ್ಳೆಯ ಉಣ್ಣೆಯಲ್ಲೂ ನಾನು ಕೇಬಲ್ ಕಡ್ಡಿಯನ್ನೇ ಹಿಡಿಯುತ್ತೇನೆ. ಅಷ್ಟು ದೂರ ಅಡ್ಡ ಎಳೆದಾಗ ಹೊರಗಿನ ಕುಣಿಕೆಗಳು ಬಿಗಿದು ಕುಗ್ಗುತ್ತವೆ, ಮತ್ತೆ ಹೆಕ್ಕಿಕೊಳ್ಳುವುದು ಕಷ್ಟ.

ಐದಕ್ಕೆ ಮೂರು ನಕ್ಷತ್ರ. ಬಾಗಿದ ಕಡ್ಡಿ ಬಿಡಿಯಾಗಿ ಸಿಕ್ಕರೆ ಸೆಟ್ಟಿನ ಗೋಜಿಗೆ ಹೋಗಬೇಡಿ. ಕಾಲುಚೀಲ ಹೆಣೆಯುವ, ಎರಡೂ ತುದಿ ಚೂಪಾದ ಕಡ್ಡಿ ಮನೆಯಲ್ಲಿದ್ದರೆ ಅದೂ ಬೇಕಾಗಿಲ್ಲ. ಮರದ್ದಾದರೆ ಇನ್ನೂ ಒಳ್ಳೆಯದು, ಜಾರುವುದಿಲ್ಲ.