ಟಿಸಿಸಿಎ 90 ಕ್ಲೋರಿನ್ ಮಾತ್ರೆ: ಅನುಕೂಲ ನಿಜ, ಆದರೆ ಲೆಕ್ಕ ಇಟ್ಟು ಬಳಸಿ

ಮನೆಯಲ್ಲೋ ತೋಟದಲ್ಲೋ ಸ್ವಿಮ್ಮಿಂಗ್ ಪೂಲ್ ಇರುವವರಿಗೆ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಟಿಸಿಸಿಎ 90 (ಟ್ರೈಕ್ಲೋರೋಐಸೋಸಯನೂರಿಕ್ ಆಸಿಡ್, ಶೇ. 90 ಕ್ಲೋರಿನ್ ಸತ್ವದ್ದು) ಮಾತ್ರೆಯ ಡಬ್ಬ. ಒಂದೊಂದು ಬಿಲ್ಲೆ 200 ಗ್ರಾಂ, ಮೂರು ಇಂಚು ಅಗಲ. ತೇಲುವ ಡಿಸ್ಪೆನ್ಸರ್‌ನಲ್ಲಿ ಇಟ್ಟರೆ ಕೆಲವು ದಿನ ನಿಧಾನವಾಗಿ ಕರಗುತ್ತಾ ಕ್ಲೋರಿನ್ ಬಿಡುತ್ತಿರುತ್ತದೆ. ಶನಿವಾರ, ಭಾನುವಾರ ಮಾತ್ರ ತೋಟಕ್ಕೆ ಹೋಗುವವರಿಗೆ ಇದಕ್ಕಿಂತ ಸುಲಭದ್ದು ಸಿಗುವುದಿಲ್ಲ.

ಬೋರ್‌ವೆಲ್ ನೀರು ತುಂಬಿಸುವವರಿಗೆ ಇನ್ನೂ ಒಂದು ಲಾಭವಿದೆ. ಗಡಸು ನೀರಿನಲ್ಲಿ ಪಿಎಚ್ ಏರುತ್ತಲೇ ಹೋಗಿ ಟೈಲ್ಸ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಈ ಮಾತ್ರೆ ಆಮ್ಲೀಯವಾದ್ದರಿಂದ ಆ ಏರಿಕೆ ತಗ್ಗುತ್ತದೆ, ಆಸಿಡ್ ಖರ್ಚು ಕಡಿಮೆಯಾಗುತ್ತದೆ. ಮಳೆನೀರು ಸಂಗ್ರಹಿಸಿ ತುಂಬಿಸಿದ ಪೂಲ್‌ಗೆ ಮಾತ್ರ ಇದೇ ಗುಣ ತೊಂದರೆ. ಅಲ್ಲಿ ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ನೀರಿನ ಶಕ್ತಿ) 80 ಪಿಪಿಎಂಗಿಂತ (ಪಿಪಿಎಂ ಅಂದರೆ ಲೀಟರಿಗೆ ಮಿಲಿಗ್ರಾಂ) ಕೆಳಗಿಳಿದರೆ ಅಡುಗೆ ಸೋಡಾ ಹಾಕಿ. 50,000 ಲೀಟರ್ ನೀರಿನಲ್ಲಿ 10 ಪಿಪಿಎಂ ಏರಿಸಲು ಸುಮಾರು 850 ಗ್ರಾಂ ಬೇಕು.

ಇನ್ನು ಅಂಗಡಿಯಲ್ಲಿ ಅಷ್ಟಾಗಿ ಯಾರೂ ಬಿಡಿಸಿ ಹೇಳದ ವಿಷಯ. ಮಾತ್ರೆ ಕರಗಿದಾಗ ಕ್ಲೋರಿನ್ ಜೊತೆಗೆ ಸಯನೂರಿಕ್ ಆಸಿಡ್ ಕೂಡ ನೀರಿಗೆ ಸೇರುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಅದು ಒಳ್ಳೆಯದೇ, ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕಾಯುತ್ತದೆ. ಆದರೆ ಕ್ಲೋರಿನ್ ದಿನದಿನ ಖರ್ಚಾಗುತ್ತದೆ, ಈ ಆಸಿಡ್ ಆಗುವುದಿಲ್ಲ. ಲೆಕ್ಕ ನೋಡಿ: ಬೇಸಿಗೆಯಲ್ಲಿ 50,000 ಲೀಟರಿನ ಪೂಲ್‌ಗೆ ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಕೆಂದರೆ ಸುಮಾರು 110 ಗ್ರಾಂ ಮಾತ್ರೆ ಕರಗಬೇಕು, ತಿಂಗಳಿಗೆ 3.3 ಕೆಜಿ. ಅದರಿಂದ ಸೇರುವ ಸಯನೂರಿಕ್ ಆಸಿಡ್ ಸುಮಾರು 37 ಪಿಪಿಎಂ. ಮೂರು ತಿಂಗಳು ಹೀಗೇ ನಡೆದರೆ 110 ದಾಟುತ್ತದೆ. ಆಗ ಕ್ಲೋರಿನ್ ಬಹುಪಾಲು ಅದಕ್ಕೇ ಅಂಟಿಕೊಂಡು ಕೆಲಸ ನಿಧಾನವಾಗುತ್ತದೆ. ಟೆಸ್ಟ್ ಕಿಟ್‌ನಲ್ಲಿ 3 ಪಿಪಿಎಂ ಕಾಣುತ್ತಿದ್ದರೂ ಗೋಡೆ ಸವರಿದರೆ ಕೈಗೆ ಜಾರು, ಮೂಲೆಯಲ್ಲಿ ಹಸಿರು ಪಾಚಿ. ಅಂಥ ಹೊತ್ತಿನಲ್ಲಿ ಇನ್ನೆರಡು ಮಾತ್ರೆ ಹಾಕುವುದು ಬೆಂಕಿಗೆ ತುಪ್ಪ ಸುರಿದಂತೆ.

ಮನೆಮಟ್ಟದಲ್ಲಿ ಇದಕ್ಕಿರುವ ದಾರಿ ನೀರು ಬದಲಿಸುವುದೊಂದೇ. 110ರಿಂದ 50ಕ್ಕೆ ಇಳಿಸಲು ಅರ್ಧಕ್ಕಿಂತ ಹೆಚ್ಚು ನೀರು ಚೆಲ್ಲಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿದ್ದು ನೆನಪಿರಲಿ. ಚೆಲ್ಲುವ ಸ್ಥಿತಿಗೆ ತಂದುಕೊಳ್ಳದಿರುವುದೇ ಜಾಣತನ. ತಿಂಗಳಿಗೊಮ್ಮೆ ಸಯನೂರಿಕ್ ಟೆಸ್ಟ್ ಮಾಡಿ: ಪೂಲ್ ನೀರಿಗೆ ಕಿಟ್ಟಿನ ರೀಏಜೆಂಟ್ (ಪರೀಕ್ಷಾ ರಾಸಾಯನಿಕ) ಸೇರಿಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ, ಅದನ್ನು ಕೊಳವೆಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ತಳದ ಕಪ್ಪು ಚುಕ್ಕೆ ಮರೆಯಾದ ಮಟ್ಟದಲ್ಲಿ ಅಂಕೆ ಓದಬೇಕು. ಮನೆಯೊಳಗೆ ಅಲ್ಲ, ಹೊರಗಿನ ಬೆಳಕಿನಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ಕೊಳವೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು. ಹಳದಿ ಬಣ್ಣ ತೋರಿಸುವ ಅಗ್ಗದ ಓಟಿಒ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಫ್ರೀ ಕ್ಲೋರಿನ್, ಅಂದರೆ ಇನ್ನೂ ಕೆಲಸಕ್ಕೆ ಉಳಿದಿರುವ ಕ್ಲೋರಿನ್ ಎಷ್ಟೆಂದು ತಿಳಿಯಲು ಡಿಪಿಡಿ ಕಿಟ್ ಕೊಳ್ಳಿ.

ಮಾತ್ರೆಯನ್ನು ಸ್ಕಿಮ್ಮರ್ ಬುಟ್ಟಿಗೆ (ನೀರಿನ ಮೇಲೆ ತೇಲುವ ಕಸ ಹಿಡಿಯುವ ಬುಟ್ಟಿ) ಹಾಕಬೇಡಿ. ಪಂಪ್ ನಿಂತಾಗ ಅಲ್ಲೇ ಕರಗಿ ಗಾಢ ಆಮ್ಲದ ನೀರಾಗುತ್ತದೆ, ಪಂಪ್ ಶುರುವಾದೊಡನೆ ಅದು ನೇರ ಪಂಪ್ ಸೀಲ್‌ಗೆ, ಹೀಟರಿನ ತಾಮ್ರಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬ್ಲೀಚಿಂಗ್ ಪೌಡರ್ ಅಥವಾ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಜೊತೆ ಇದನ್ನು ಯಾವ ಕಾರಣಕ್ಕೂ ಬೆರೆಸಬಾರದು. ಬೆಂಕಿ ಹೊತ್ತಬಹುದು, ಸ್ಫೋಟವೂ ಆಗಬಹುದು. ಒಂದೇ ಮಗ್, ಒಂದೇ ಡಿಸ್ಪೆನ್ಸರ್ ಎರಡಕ್ಕೂ ಬಳಸುವುದು ಕೂಡ ಅಪಾಯ. ಕೆಲಸದವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಪಂಪ್ ಕೋಣೆಯ ಗೋಡೆಗೆ ಬರೆದು ಅಂಟಿಸಿ.

ಫಿಲ್ಟರ್ ಕೊಳೆಯಾಗಿದ್ದರೆ ಯಾವ ಮಾತ್ರೆಯೂ ನೀರನ್ನು ತಿಳಿಯಾಗಿಸದು. ಸ್ಯಾಂಡ್ ಫಿಲ್ಟರಿನ ಒತ್ತಡ ಸ್ವಚ್ಛವಿದ್ದಾಗಿನದಕ್ಕಿಂತ 8–10 ಪಿಎಸ್ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಿರಿ. ವಾಲ್ವ್ ತಿರುಗಿಸುವ ಮೊದಲು ಪಂಪ್ ಆಫ್ ಆಗಿರಲಿ.

ನಮ್ಮ ಶಿಫಾರಸು: ಸಯನೂರಿಕ್ 40 ಪಿಪಿಎಂ ಮುಟ್ಟುವವರೆಗೆ ಮಾತ್ರೆ ಬಳಸಿ. ಆಮೇಲೆ ದಿನನಿತ್ಯಕ್ಕೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕೆ ಬನ್ನಿ. ಶೇ. 10ರದ್ದಾದರೆ 50,000 ಲೀಟರಿಗೆ ಒಂದು ಲೀಟರ್ 2 ಪಿಪಿಎಂ ಕೊಡುತ್ತದೆ; ಬಿಸಿಲು ಇಳಿದ ಮೇಲೆ, ಪಂಪ್ ಓಡುತ್ತಿರುವಾಗ ಸುರಿಯಿರಿ. ಬಿಸಿಗೆ ಅದರ ಸತ್ವ ಬೇಗ ಇಳಿಯುವುದರಿಂದ ಹದಿನೈದು ದಿನಕ್ಕೆ ಬೇಕಾದಷ್ಟೇ ತಂದು ನೆರಳಲ್ಲಿಡಿ. ಮಾತ್ರೆಯ ಡಬ್ಬ ಊರಿಗೆ ಹೋಗುವ ವಾರಗಳಿಗಿರಲಿ, ಬೇರೆ ಒಣ ಜಾಗದಲ್ಲಿ, ಮುಚ್ಚಳ ಬಿಗಿಯಾಗಿ.