ಕಮ್ಯುನಿಟಿ ಟೀಮ್ ಯಾರ ಕೈಕೆಳಗೆ ಇರಬೇಕು? ಮೂರೂ ಕಡೆ ಇದ್ದು ನೋಡಿದ್ದೇನೆ

ಕಲಬುರಗಿಯ ಮನೆಯಿಂದಲೇ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಕಂಪನಿಯ ಕಮ್ಯುನಿಟಿ ಕೆಲಸ, ಅಂದರೆ ಹೊರಗಿನಿಂದ ನೆರವಾಗುವವರ ಜೊತೆಗಿನ ಕೆಲಸ, ನೋಡಿಕೊಳ್ಳುತ್ತೇನೆ. ನಮ್ಮದು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಟೀಮ್ ಮೊದಲು ಮಾರ್ಕೆಟಿಂಗ್‌ನಲ್ಲಿತ್ತು, ಆಮೇಲೆ ಎಂಜಿನಿಯರಿಂಗ್‌ಗೆ ಹೋಯಿತು, ಈಗ ನೇರವಾಗಿ ಸ್ಥಾಪಕರ ಕೆಳಗಿದೆ.

ಮಾರ್ಕೆಟಿಂಗ್‌ನಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ಬೀದರಿನ ಕಾಲೇಜಿನಲ್ಲಿ ಮೀಟಪ್ ಅಂದರೆ ಸಾಕು, ಊಟ, ಟೀ ಶರ್ಟ್ ಎಲ್ಲ ಮಂಜೂರು. ಆದರೆ ತಿಂಗಳ ಕೊನೆಗೆ ಕೇಳುತ್ತಿದ್ದದ್ದು ಎಷ್ಟು ಜನ ಬಂದರು, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಎಷ್ಟು ಸ್ಟಾರ್ (ಮೆಚ್ಚುಗೆಯ ಗುರುತು) ಬಿತ್ತು ಅಂತ. ಬಂದವರಲ್ಲಿ ಯಾರು ಮತ್ತೆ ಕೋಡ್ ಕಳಿಸಿದರು ಅನ್ನೋದು ಯಾರಿಗೂ ಬೇಕಿರಲಿಲ್ಲ. ಈ ಲೆಕ್ಕದಲ್ಲಿ ನಡೆದರೆ ಏನಾಗುತ್ತೆ ಅನ್ನೋದಕ್ಕೆ 2020ರ ಹ್ಯಾಕ್ಟೋಬರ್‌ಫೆಸ್ಟ್ ನೋಡಿ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಕೋಡ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ, ಡಿಜಿಟಲ್‌ಓಷನ್ ಕಂಪನಿಯ ಅಭಿಯಾನ ಅದು: ಟೀ ಶರ್ಟ್ ಆಸೆಗೆ ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಪುಟದಲ್ಲಿ) ಸುಮ್ನೆ ಒಂದೆರಡು ಪದ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳು (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆಗಳು) ಬಂದು ಬಿದ್ದವು, ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳು ರೋಸಿಹೋದರು, ಕೊನೆಗೆ ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಡಿಜಿಟಲ್‌ಓಷನ್ ನಿಯಮ ಬದಲಿಸಿತು.

ಎಂಜಿನಿಯರಿಂಗ್‌ಗೆ ಹೋದ ಮೇಲೆ ಕೆಲಸಕ್ಕೆ ಜೀವ ಬಂತು. ನಮ್ಮ ಪಿಡಿಎಫ್ ಬಿಲ್ಲಿನಲ್ಲಿ ಚಿತ್ತಾಪುರ ಅನ್ನೋದು ‘ಚಿತ್‌ತಾಪುರ’ ಅಂತ ಬರುತ್ತಿತ್ತು, ಒತ್ತಕ್ಷರ ಕೆಳಗೆ ಕೂರುತ್ತಲೇ ಇರಲಿಲ್ಲ. ಯಾದಗಿರಿಯ ಒಬ್ಬ ವಿದ್ಯಾರ್ಥಿ ಕಾರಣ ಹುಡುಕಿದ: ನಾವು ಬಳಸುತ್ತಿದ್ದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಿತ್ತೇ ಹೊರತು ಕೂಡಿಸುತ್ತಿರಲಿಲ್ಲ. ಅವನು ಅಕ್ಷರ ಕೂಡಿಸುವ ಹಾರ್ಫ್‌ಬಝ್ ಅನ್ನೋ ಲೈಬ್ರರಿ ಜೋಡಿಸಿ ಪ್ಯಾಚ್ (ತಿದ್ದಿದ ಕೋಡ್) ಕಳಿಸಿದ. ರಿವ್ಯೂ ಮಾಡುವವರು ನಮ್ಮದೇ ಟೀಮಿನವರು, ಅವತ್ತೇ ನೋಡಿದರು. ಈಗ ಕನ್ನಡದ ಭಾಗಕ್ಕೆ ಬರುವ ಪ್ಯಾಚ್‌ಗಳನ್ನು ಅವನೇ ನೋಡುತ್ತಾನೆ. ಆದರೆ ರಿಲೀಸ್ ಹತ್ತಿರ ಬಂತೆಂದರೆ ಹೊರಗಿನವರ ಪ್ಯಾಚ್ ಹಿಂದೆ ಬೀಳುತ್ತಿತ್ತು. ಅನುವಾದ ಮಾಡುವವರು, ಜಿಎಸ್‌ಟಿ ಬಿಲ್ ಹೇಗಿರಬೇಕು ಅಂತ ತಾಳ್ಮೆಯಿಂದ ಬಿಡಿಸಿ ಹೇಳುವ ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದ ಅಂಗಡಿಯವರು, ಇವರು ಯಾರೂ ಎಂಜಿನಿಯರ್‌ಗಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕೋಡ್ ಬರೆಯದವರೂ ಕಮ್ಯುನಿಟಿನೇ ಅಲ್ವಾ?

ಸ್ಥಾಪಕರ ಕೆಳಗೆ ಬಂದಾಗ ಸಿಕ್ಕಿದ್ದು ಲೈಸೆನ್ಸ್ (ಕೋಡನ್ನು ಯಾರು, ಹೇಗೆ ಬಳಸಬಹುದು ಅನ್ನೋ ಷರತ್ತು) ಚರ್ಚೆಯಲ್ಲಿ ಒಂದು ಕುರ್ಚಿ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ಸಾಫ್ಟ್‌ವೇರ್‌ನ ಲೈಸೆನ್ಸ್ ಬದಲಿಸಿ ಬಿಗಿ ಮಾಡಿತು, ಮುಂದಿನ ತಿಂಗಳೇ ಅದರ ಹಳೆಯ ಕೋಡಿನಿಂದ ಹೊರಗಿನವರು ಕಟ್ಟಿದ ಓಪನ್‌ಟೋಫು ಅನ್ನೋ ಫೋರ್ಕ್ (ಕವಲು), ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಆಸರೆಯಾದ ಲಿನಕ್ಸ್ ಫೌಂಡೇಶನ್ ಸೇರಿತು. ಇಂಥ ತೀರ್ಮಾನ ಆಗೋದು ಮೇಲೆಯೇ. ನಮ್ಮಲ್ಲೂ ಲೈಸೆನ್ಸ್ ಮಾತು ಬಂದಾಗ, ಹೊರಗಿನವರು ಏನು ಮಾಡಬಹುದು ಅಂತ ಮೊದಲೇ ಹೇಳೋಕೆ ನಾನು ಅಲ್ಲಿದ್ದೆ. ಸಣ್ಣಪುಟ್ಟ ವಿಷಯಕ್ಕೆ ಸ್ಥಾಪಕರ ಸಮಯ ಸಿಗೋದು ಕಷ್ಟ, ಅದು ನಿಜ.

ಕಂಪನಿ ಚಿಕ್ಕದಿದ್ದರೆ ಎಂಜಿನಿಯರಿಂಗ್‌ನಲ್ಲೇ ಇಡಿ. ಹೂಡಿಕೆದಾರರು ಬಂದರೆ ಲೈಸೆನ್ಸ್ ಮಾತೂ ಬರಬಹುದು, ಆ ದಿನದಿಂದ ಸ್ಥಾಪಕರ ಕೆಳಗೆ ತನ್ನಿ. ಮಾರ್ಕೆಟಿಂಗ್‌ನಿಂದ ಮೀಟಪ್ ಖರ್ಚು ತಗೊಳ್ಳಿ, ಅಷ್ಟು ಸಾಕು. ಎಲ್ಲಿಟ್ಟರೂ ರಿವ್ಯೂ ಸಮಯವನ್ನು ಮಾತ್ರ ಎಂಜಿನಿಯರ್‌ಗಳ ಕೆಲಸದ ಪಟ್ಟಿಯಲ್ಲೇ ಬರೆಸಿಕೊಳ್ಳಿ. ನಮ್ಮಲ್ಲಿ ಶುಕ್ರವಾರ ಮಧ್ಯಾಹ್ನ ಹೊರಗಿನ ಪ್ಯಾಚ್‌ಗಳಿಗೇ ಮೀಸಲು, ರಿಲೀಸ್ ಇದ್ದರೂ ಅದನ್ನು ಮುಟ್ಟುವ ಹಾಗಿಲ್ಲ.