ಭಾವನ ಮೂರು ಲೀಟರ್, ನನ್ನ 2.2: ಒಂದೇ ಅಂಗಳದಲ್ಲಿ 14 ತಿಂಗಳು

ಭಾವ ಕುವೈತಿಗೆ ವಾಪಸ್ ಹೋಗುವಾಗ ತಮ್ಮ ದೊಡ್ಡ ಡೀಸೆಲ್ ಗಾಡಿಯನ್ನು ಕಟಪಾಡಿಯ ನಮ್ಮ ಮನೆ ಅಂಗಳದಲ್ಲಿ ಬಿಟ್ಟು ಹೋದರು. "ಸುಮ್ನೆ ನಿಲ್ಲಿಸಬೇಡ, ಓಡಿಸ್ತಾ ಇರು. ಖರ್ಚು ಬರೆದಿಡು, ನಾನು ಕೊಡ್ತೇನೆ" ಅಂದರು. ಅದರ ಪಕ್ಕದಲ್ಲೇ ನನ್ನ ಏಳು ಸೀಟಿನ ಡೀಸೆಲ್ ಗಾಡಿ ನಿಂತಿತ್ತು. ಭಾವನಿಗೆ ಲೆಕ್ಕ ಕೊಡಬೇಕಲ್ಲ ಅಂತ ಸೊಸೈಟಿಯವರು ಕೊಟ್ಟ ಹಳೆಯ ಡೈರಿಯಲ್ಲಿ ಬರೆಯಲು ಶುರು ಮಾಡಿದೆ. ಬರೆಯುವುದೇ ಆದರೆ ನನ್ನದನ್ನೂ ಬರೆಯೋಣ ಅಂತ ಎದುರು ಪುಟದಲ್ಲಿ ಅದನ್ನೂ ಬರೆದೆ. ಈ ಹೋಲಿಕೆ ಹುಟ್ಟಿದ್ದು ಹಾಗೆ.

ಎರಡು ಗಾಡಿಯ ಹೆಸರೂ ಹೇಳುವುದಿಲ್ಲ. ಹೇಳಿದರೆ ಅಭಿಮಾನಿಗಳ ಜಗಳ ಶುರುವಾಗುತ್ತದೆ. ಅದೂ ಅಲ್ಲದೆ ಒಬ್ಬನ ಒಂದೊಂದು ಗಾಡಿ ನೋಡಿ ಕಂಪನಿಯ ಜಾತಕ ಬರೆಯುವುದು ಸರಿಯಲ್ಲ. ಜಾತಿ ಮಾತ್ರ ಹೇಳುತ್ತೇನೆ. ಭಾವನದು 2013ರದ್ದು, ಮೂರು ಲೀಟರ್ ಇಂಜಿನ್, ಮ್ಯಾನುವಲ್ ಗೇರು, ಫೋರ್ ಬೈ ಫೋರ್ (ಬೇಕಾದಾಗ ನಾಲ್ಕೂ ಚಕ್ರ ಎಳೆಯುವುದು), ಲಾರಿಯ ಹಾಗೆ ಬೇರೆ ಚಾಸಿಸ್ ಮೇಲೆ ಬಾಡಿ ಕೂರಿಸಿದ್ದು. ಹಾಸನದ ಗಾಡಿ, 1,38,000 ಕಿಲೋಮೀಟರ್ ಓಡಿದ್ದನ್ನು ಹನ್ನೊಂದೂವರೆ ಲಕ್ಷಕ್ಕೆ ತಂದರು. ನನ್ನದು 2015ರದ್ದು, 2.2 ಲೀಟರ್, ಮುಂದಿನ ಚಕ್ರ ಮಾತ್ರ ಎಳೆಯುವುದು, ಬೇರೆ ಚಾಸಿಸ್ ಇಲ್ಲ, ಕಾರಿನ ಹಾಗೆ ಬಾಡಿಯೇ ಎಲ್ಲವನ್ನೂ ಹೊರುತ್ತದೆ. ಕೆಎ 20 ಅಂದರೆ ಉಡುಪಿಯ ನಂಬರು, ಮಲ್ಪೆಯಲ್ಲಿ ಮೀನಿನ ವ್ಯಾಪಾರದವರ ಕೈಯಲ್ಲಿದ್ದದ್ದು. 92,000 ಓಡಿತ್ತು, 5,75,000ಕ್ಕೆ ಸಿಕ್ಕಿತು. ಬಣ್ಣ ಹೊಳೆಯುತ್ತಿತ್ತು. ನಾನು ಮೇಲಿನಿಂದ ನೋಡಿದೆ, ಕೆಳಗೆ ನೋಡಲಿಲ್ಲ. ಅದೇ ಆದ ತಪ್ಪು.

ಎಲ್ಲರೂ ಮೊದಲು ಕೇಳುವುದು ಮೈಲೇಜ್. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ತೆಗೆದ ಲೆಕ್ಕ ಇದು, ಡ್ಯಾಶ್‌ಬೋರ್ಡ್ ತೋರಿಸುವ ಸುಳ್ಳಲ್ಲ. ಉಡುಪಿಗೆ ದಿನಾ ಹೋಗಿ ಬರುವುದು, ವಾರಕ್ಕೊಮ್ಮೆ ಮಂಗಳೂರು, ತಿಂಗಳಿಗೊಮ್ಮೆ ಘಟ್ಟ, ಎಲ್ಲ ಸೇರಿ ಭಾವನದು ಲೀಟರಿಗೆ 9.8, ನನ್ನದು 12.6. ಡೀಸೆಲ್ 90 ರೂಪಾಯಿ ಅಂತ ಹಿಡಿದರೆ ಕಿಲೋಮೀಟರಿಗೆ ಒಂಬತ್ತು ಚಿಲ್ಲರೆ ಮತ್ತು ಏಳು ಚಿಲ್ಲರೆ. ಎರಡೇ ರೂಪಾಯಿ ವ್ಯತ್ಯಾಸ. ಈ ಎರಡು ರೂಪಾಯಿಗಾಗಿಯೇ ನಾನು ಮೂರು ವರ್ಷ ಭಾವನ ಗಾಡಿಯನ್ನು "ಡೀಸೆಲ್ ಕುಡಿಯುವ ಆನೆ" ಅಂತ ತಮಾಷೆ ಮಾಡುತ್ತಿದ್ದೆ.

ಆನೆಯ ಖರ್ಚು ಮೊದಲು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಅಚ್ಚರಿ ಕಡಿಮೆ. ದೊಡ್ಡ ಬಿಲ್ಲು ಟೈರಿನದು. 265/65 ಆರ್ 17 ಅಳತೆಯದು, ನಾಲ್ಕಕ್ಕೆ 56,000. ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಜೊತೆಗೆ ವಾಟರ್ ಪಂಪ್ ಸೇರಿ 21,500. ಈ ಇಂಜಿನ್ನಿಗೆ ಬೆಲ್ಟು 1,50,000 ಕಿಲೋಮೀಟರಿಗೆ ಬದಲಿಸಬೇಕು. ಹಳೆಯ ಮಾಲೀಕರು ಬದಲಿಸಿದ ಚೀಟಿ ಇರಲಿಲ್ಲ, ಹಾಗಾಗಿ ಅಲ್ಲಿಯವರೆಗೆ ಕಾಯಲಿಲ್ಲ. ಬೆಲ್ಟು ಓಡುವಾಗ ತುಂಡಾದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಹೊಡೆಯುತ್ತದೆ. ಆಮೇಲೆ ಇಂಜಿನ್ ಬಿಚ್ಚುವುದೇ ದಾರಿ, ಆಗ 21,500 ಲೆಕ್ಕಕ್ಕೇ ಬರುವುದಿಲ್ಲ. ಮುಂದಿನ ಸಸ್ಪೆನ್ಷನ್ನಿನ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ 16,800. ಎರಡು ಸರ್ವಿಸ್ 22,400, ಏಳು ಲೀಟರಿಗಿಂತ ಜಾಸ್ತಿ ಆಯಿಲ್ ಹಿಡಿಯುತ್ತದಲ್ಲ.

ಒಂದು ತಮಾಷೆ ನಡೆದದ್ದು ಫೋರ್ ಬೈ ಫೋರ್‌ನಲ್ಲಿ. ಲಿವರ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿನುಗುತ್ತದೆ, ಆದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಹಾಸನದವರು ಅಷ್ಟು ವರ್ಷದಲ್ಲಿ ಅದನ್ನು ಒಮ್ಮೆಯೂ ಬಳಸಿದ ಹಾಗಿಲ್ಲ, ಒಳಗೆ ಅಂಟಿಕೊಂಡಿತ್ತು. ಬಿಚ್ಚಿ ತೊಳೆದು ಗ್ರೀಸ್ ಹಾಕಿದ್ದಕ್ಕೆ 4,500. ಈಗ ತಿಂಗಳಿಗೊಮ್ಮೆ ಮಟ್ಟು ಕಡಲತೀರದ ಹತ್ತಿರ ಮರಳು ಸಿಕ್ಕಲ್ಲಿ ಹಾಕಿ ನೂರಿನ್ನೂರು ಮೀಟರ್ ಓಡಿಸುತ್ತೇನೆ. ಹಾಗಂತ ಮಂಗಳೂರಿನ ಕಾಂಕ್ರೀಟ್ ರಸ್ತೆಯಲ್ಲಿ ಅದನ್ನು ಹಾಕಿಕೊಂಡು ತಿರುಗಿಸಬೇಡಿ. ಫೋರ್ ಬೈ ಫೋರ್ ಬೇಕಾದಾಗ ಮಾತ್ರ ಹಾಕುವ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಮಧ್ಯೆ ಡಿಫರೆನ್ಷಿಯಲ್ ಇರುವುದಿಲ್ಲ. ಒಣ ರಸ್ತೆಯಲ್ಲಿ ಎಲ್ಲ ಬಿಗಿಯಾಗಿ ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ಒಟ್ಟು 1,21,200. ಗಾಡಿ ಓಡಿದ್ದು 11,000 ಕಿಲೋಮೀಟರ್. ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ.

ನನ್ನದು ನಿಂತಿತು.

ಹೆಂಡತಿಯ ತವರು ಕೊಪ್ಪದ ಹತ್ತಿರ. ಜೂನ್ ಕೊನೆಯ ವಾರ, ಮಳೆ, ಏಳು ಜನ, ಹಿಂದೆ ಸಾಮಾನು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದೆವು. ಐದನೆಯದೋ ಆರನೆಯದೋ ತಿರುವಿನಲ್ಲಿ ಎದುರು ಬಸ್ಸು ಬಂತು, ನಿಲ್ಲಿಸಿದೆ. ಮತ್ತೆ ಎತ್ತಲು ನೋಡಿದರೆ ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಒಂದು ಥರದ ಸುಟ್ಟ ವಾಸನೆ. ಅತ್ತೆ ಹಿಂದಿನಿಂದ "ಯಾರೋ ಕಾಡಿನಲ್ಲಿ ಟೈರು ಸುಡ್ತಾ ಇದ್ದಾರೆ" ಅಂದರು. ನನಗೆ ಗೊತ್ತಿತ್ತು ಏನು ಸುಡುತ್ತಿದೆ ಅಂತ. ಹಿಮ್ಮುಖ ಇಳಿಸಿ ಬದಿಗೆ ಹಾಕಿ, ಸೋಮೇಶ್ವರಕ್ಕೆ ಇಳಿದು, ಅಲ್ಲಿಂದ ಎಳೆಸಿಕೊಂಡು ಬಂದದ್ದಕ್ಕೆ 6,500.

ಕ್ಲಚ್ ಮಾತ್ರ ಆಗಿದ್ದರೆ ಪರವಾಗಿರಲಿಲ್ಲ. ಈ ಗಾಡಿಗಳಲ್ಲಿ ಫ್ಲೈವೀಲ್, ಅಂದರೆ ಕ್ಲಚ್ ಕೂರುವ ಭಾರದ ಚಕ್ರ, ಎರಡು ತುಂಡಿನದು, ಡ್ಯುಯಲ್ ಮಾಸ್ ಅಂತಾರೆ. ಎರಡು ತಟ್ಟೆಯ ನಡುವೆ ಸ್ಪ್ರಿಂಗ್ ಇರುತ್ತದೆ, ಡೀಸೆಲ್ ಇಂಜಿನ್ನಿನ ಕುಲುಕಾಟವನ್ನು ಅದು ನುಂಗುತ್ತದೆ. ಸ್ಪ್ರಿಂಗ್ ಸಡಿಲಾದರೆ ಇಂಜಿನ್ ಆಫ್ ಮಾಡುವಾಗ ಟಕ ಟಕ ಅಂತ ಸದ್ದು ಬರುತ್ತದೆ. ನನಗೆ ಆ ಸದ್ದು ಒಂದು ವರ್ಷದಿಂದ ಕೇಳುತ್ತಿತ್ತು. ರೇಡಿಯೋ ಜೋರು ಮಾಡಿಕೊಂಡಿದ್ದೆ. ಕ್ಲಚ್ ಸೆಟ್ಟು, ಫ್ಲೈವೀಲು, ಗೇರ್‌ಬಾಕ್ಸ್ ಇಳಿಸುವ ಕೂಲಿ ಎಲ್ಲ ಸೇರಿ 46,000. ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಮೂರು ಸಲ ಸ್ಟಾರ್ಟ್ ಮಾಡಿ ಮೂರು ಸಲ ಆಫ್ ಮಾಡಿ, ರೇಡಿಯೋ ಬಂದ್ ಇಟ್ಟು ಕೇಳಿ. ಖರ್ಚಿಲ್ಲದ ಪರೀಕ್ಷೆ.

ಅದೇ ರಿಪೇರಿಗೆ ಗಾಡಿ ಲಿಫ್ಟ್ ಮೇಲೆ ಹೋದಾಗ ಗ್ಯಾರೇಜಿನ ಅಣ್ಣ ನನ್ನನ್ನು ಕರೆದರು. "ಇಲ್ಲಿ ಬನ್ನಿ ಒಮ್ಮೆ" ಅಂದರು. ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಕಡೆ, ಬಾಗಿಲಿನ ಕೆಳಗಿನ ಪಟ್ಟಿ ಮುಗಿಯುವಲ್ಲಿ, ಕರಿ ಪೇಂಟು ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಕುಟ್ಟಿದರು. ಮೊದಲು ಟಣ್ ಟಣ್, ಆಮೇಲೆ ಡಬ್ ಡಬ್, ಆಮೇಲೆ ಸ್ಕ್ರೂಡ್ರೈವರೇ ಒಳಗೆ ಹೋಯಿತು. ಕೆಳಗೆ ಹಾಸಿದ ಪೇಪರಿನ ಮೇಲೆ ಮುರಕಲ್ಲಿನ ಪುಡಿಯ ಹಾಗೆ ಕೆಂಪಗೆ ಉದುರಿತು, ಅದರ ಜೊತೆಗೆ ಒಂದು ಹಿಡಿ ಮರಳು. ಸಾಕ್ಷಾತ್ ಮಲ್ಪೆಯ ಮರಳು. "ತುಕ್ಕು ಹಿಡಿದದ್ದಲ್ಲ ಮಾರಾಯ್ರೆ, ಗಾಡಿಯೇ ಉದುರ್ತಾ ಉಂಟು" ಅಂದರು. ಕತ್ತರಿಸಿ ತಗಡು ವೆಲ್ಡ್ ಮಾಡಿ, ಕೆಳಗೆ ಕೋಟಿಂಗ್ ಹೊಡೆಸಿದ್ದಕ್ಕೆ 9,500.

ನಮ್ಮಲ್ಲಿ ಸಮಸ್ಯೆ ಉಪ್ಪು. ಕಡಲ ಗಾಳಿ, ಮೀನಿನ ಬಾಕ್ಸಿನಿಂದ ಸೋರುವ ಉಪ್ಪುನೀರು, ನಾಲ್ಕು ತಿಂಗಳು ಬಿಡದ ಮಳೆ. ಕೆಸರು ಹೋಗಿ ಡಬ್ಬಿಯಂಥ ಜಾಗಗಳಲ್ಲಿ ಕೂತರೆ ನೀರು ಇಳಿದು ಹೋಗುವ ಸಣ್ಣ ತೂತು ಮುಚ್ಚಿಹೋಗುತ್ತದೆ. ಅಲ್ಲಿಂದ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ, ನಮಗೆ ಕಾಣುವಾಗ ಕೆಲಸ ಮುಗಿದಿರುತ್ತದೆ. ಚಾಸಿಸ್ ಇರುವ ಗಾಡಿಗೂ ಇದು ತಪ್ಪಿದ್ದಲ್ಲ, ಚಾಸಿಸ್ಸೂ ಒಳಗೆ ಟೊಳ್ಳು. ಆದರೆ ಭಾವನ ಗಾಡಿಯನ್ನು ಲಿಫ್ಟಿಗೆ ಹಾಕಿ ಉದ್ದಕ್ಕೂ ಕುಟ್ಟಿದರೆ ಎಲ್ಲ ಕಡೆ ಟಣ್. ಹತ್ತು ವರ್ಷ ಹಾಸನದಲ್ಲಿದ್ದ ಗಾಡಿಯಲ್ಲವಾ. ಹಾಗಾಗಿ ನನ್ನ ಗೆಳೆಯರು ಯಾರಾದರೂ ಕೇಳಿದರೆ ನಾನು ಮಾಡೆಲ್ ಹೆಸರು ಹೇಳುವ ಮೊದಲು ಹೇಳುವುದು ಇಷ್ಟೇ: ಘಟ್ಟದ ಮೇಲಿನ ಗಾಡಿ ಹುಡುಕು. ಕೆಎ 19, ಕೆಎ 20, ಅಂದರೆ ಮಂಗಳೂರು, ಉಡುಪಿ ನಂಬರಾದರೆ ಲಿಫ್ಟಿಗೆ ಹಾಕಿ ಕುಟ್ಟಿ ನೋಡದೆ ಅಡ್ವಾನ್ಸ್ ಕೊಡಬೇಡ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗಕ್ಕೆ ಬರುವ ಗಾಡಿಗಳೂ ಇವೆ. ಉಪ್ಪಿನ ಕಾಟ ಇಲ್ಲ ನಿಜ, ಆದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಮರುನೋಂದಣಿ ಅಂತ ಆರ್‌ಟಿಒ ಕೆಲಸ ಸೇರಿಸಿದರೆ ಆ ಅಗ್ಗ ಎಷ್ಟು ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ.

ನನ್ನ ಪುಟದಲ್ಲಿ ಉಳಿದದ್ದು ಇನ್ನೂ ಇದೆ. ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಂದು ರಿಪೇರಿ, 14,000. ಡೀಸೆಲ್ ಫಿಲ್ಟರಿನಲ್ಲಿ ನೀರು ಸೇರಿದೆ ಅಂತ ದೀಪ ಬಂದಿತ್ತು, ನಾನು ನಾಳೆ ನೋಡೋಣ ಅಂತ ನಾಲ್ಕು ದಿನ ಓಡಿಸಿದೆ. ಟೈರಿಗೆ ನಾವು ಹಾಕುವ ಗಾಳಿ ಎರಡು ಬಾರ್ ಚಿಲ್ಲರೆ. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಿಗೆ ಕಾಮನ್ ರೈಲ್ ಅಂತಾರೆ, ಅದರೊಳಗೆ ಡೀಸೆಲ್ 1,600 ಬಾರ್‌ವರೆಗೆ ಹೋಗುತ್ತದೆ. ಆ ಒತ್ತಡದಲ್ಲಿ ಕೂದಲಿನಷ್ಟು ಸಣ್ಣ ತೂತುಗಳಿಂದ ನೀರು ಹೊರಟರೆ ಏನಾಗುತ್ತದೆ ಯೋಚಿಸಿ. ಫಿಲ್ಟರಿನ ಕೆಳಗೊಂದು ತಿರುಪು ಇರುತ್ತದೆ, ಸಡಿಲಿಸಿದರೆ ನೀರು ಇಳಿಯುತ್ತದೆ, ಐದು ನಿಮಿಷದ ಕೆಲಸ. ಮಳೆಗಾಲದಲ್ಲಿ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಬಿಡುವುದನ್ನು ನಿಲ್ಲಿಸಿದ್ದೇನೆ, ಖಾಲಿ ಜಾಗದಲ್ಲಿ ತೇವ ಕೂರುತ್ತದೆ ಅಂತ.

ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ತೊಳೆದದ್ದು 5,500. ಇದು ನನ್ನ ಓಡಾಟದ ಪಾಪ. ಕಟಪಾಡಿಯಿಂದ ಉಡುಪಿ ಹತ್ತು ಕಿಲೋಮೀಟರೂ ಇಲ್ಲ, ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಅಂಗಡಿ ಬರುತ್ತದೆ. ಹೊಗೆಯ ಮಸಿ ಒಳಗೇ ಕಟ್ಟುತ್ತದೆ. ನಮ್ಮ ಎರಡೂ ಹಳೆಯವಾದ್ದರಿಂದ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇಲ್ಲ, ಬಚಾವ್. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ತೆಗೆದುಕೊಂಡು ದಿನಾ ಪೇಟೆಗೆ ಮಾತ್ರ ಹೋಗಿ ಬರುವವರು ಇದ್ದರೆ, ಆಗಾಗ ಹೈವೇಯಲ್ಲಿ ಇಪ್ಪತ್ತು ನಿಮಿಷವಾದರೂ ನಿಲ್ಲಿಸದೆ ಓಡಿಸಿ. ಮಸಿ ಸುಟ್ಟುಹೋಗಲು ಅಷ್ಟು ಬಿಸಿ ಬೇಕು.

ಎಸಿ ಕೂಲಿಂಗ್ ಕಾಯಿಲ್ 13,500. ಕಾಯಿಲ್ಲಿಗಿಂತ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚುವ ಕೆಲಸವೇ ದೊಡ್ಡದು. ಮತ್ತೆ ಕೂರಿಸಿದ ಮೇಲೆ ಎಡಗಡೆ ಎಲ್ಲೋ ಒಂದು ಕ್ಲಿಪ್ಪು ಕಿರ್ ಅನ್ನುತ್ತದೆ, ಇವತ್ತಿಗೂ ಸಿಕ್ಕಿಲ್ಲ. ಸರ್ವಿಸ್ ಎರಡಕ್ಕೆ 16,800, ಸಸ್ಪೆನ್ಷನ್ನಿನ ಲಿಂಕ್ ರಾಡು ಬುಷ್ಷು 7,200. ಒಟ್ಟು 1,19,000, ಓಡಿದ್ದು 9,000 ಕಿಲೋಮೀಟರ್.

ಹೆಗ್ಗಣದ ಲೆಕ್ಕ ಬರೆದಿಲ್ಲ. ಅದು ಎರಡೂ ಗಾಡಿಯ ವೈರು ಕಡಿದಿದೆ, ಭೇದ ಮಾಡಿಲ್ಲ. ಹೊಗೆಸೊಪ್ಪು ಕಟ್ಟಿ ನೋಡಿದೆ, ಅದಕ್ಕೇನೂ ಆಗಲಿಲ್ಲ, ಗಾಡಿಯೊಳಗೆ ನಮಗೇ ಸೀನು.

ಈಗ ನ್ಯಾಯವಾಗಿ ಹೋಲಿಸಬೇಕು. ಟೈರು 40,000 ಕಿಲೋಮೀಟರಾದರೂ ಬರುತ್ತದೆ, ಅದನ್ನು 11,000ದ ಮೇಲೆ ಹೊರಿಸುವುದು ತಪ್ಪು. ನನ್ನ ಕ್ಲಚ್ ಫ್ಲೈವೀಲೂ ಹಾಗೇ. ಎರಡನ್ನೂ ಬದಿಗಿಟ್ಟರೆ ರಿಪೇರಿ ಖರ್ಚು ಭಾವನದಕ್ಕೆ ಕಿಲೋಮೀಟರಿಗೆ ಆರು ರೂಪಾಯಿ, ನನ್ನದಕ್ಕೆ ಎಂಟು. ಡೀಸೆಲ್ ಸೇರಿಸಿ. ಎರಡೂ 15 ರೂಪಾಯಿ ಚಿಲ್ಲರೆ! ಡೈರಿಯನ್ನು ಮೂರು ಸಲ ಕೂಡಿಸಿದೆ, ಹೆಂಡತಿ ಕೈಯಲ್ಲಿ ಒಮ್ಮೆ ಕೂಡಿಸಿದೆ. ಹೆಜಮಾಡಿ ಟೋಲಿನಲ್ಲೂ ಎರಡಕ್ಕೂ ಕಾರಿನ ದರವೇ. 1,500 ಸಿಸಿ ದಾಟಿದ ಮೇಲೆ ಥರ್ಡ್ ಪಾರ್ಟಿ ಇನ್ಶೂರೆನ್ಸೂ ಒಂದೇ, 2022ರ ದರದಲ್ಲಿ 7,897 ಮತ್ತು ತೆರಿಗೆ. ಫುಲ್ ಇನ್ಶೂರೆನ್ಸ್ ಮಾತ್ರ ಗಾಡಿಯ ಬೆಲೆ ನೋಡಿ ಏರುತ್ತದೆ, ಅಲ್ಲಿ ಭಾವನದು ಜಾಸ್ತಿ.

ಹಾಗಾದರೆ ಭಾವನದ್ದೇ ಒಳ್ಳೆಯದಾ? ಅಷ್ಟು ಸುಲಭ ಇಲ್ಲ. ಹನ್ನೊಂದೂವರೆ ಲಕ್ಷ ಕೊಡುವುದಕ್ಕೂ ಐದೂಮುಕ್ಕಾಲು ಕೊಡುವುದಕ್ಕೂ ನಡುವಿನ ದುಡ್ಡನ್ನು ಎಂಟು ಪರ್ಸೆಂಟಿಗೆ ಎಫ್‌ಡಿ ಇಟ್ಟರೆ ವರ್ಷಕ್ಕೆ 46,000 ಬರುತ್ತದೆ, ಅದರಲ್ಲಿ ನನ್ನ ಕ್ಲಚ್ಚೇ ಆಗುತ್ತದೆ. ಇನ್ನು ಕೂರುವ ಸುಖ. ಹೈವೇಯಲ್ಲಿ ನನ್ನದು ತೊಟ್ಟಿಲು. ಭಾವನದರ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ಪಡುಬಿದ್ರಿ ದಾಟುವಷ್ಟರಲ್ಲಿ ಮುಖ ಸಣ್ಣ ಮಾಡುತ್ತಾರೆ, ಆಗುಂಬೆಯಲ್ಲಿ ಎರಡು ಸಲ ವಾಂತಿ ಆಗಿದೆ. ಕಾರ್ಕಳ ಕಡೆಯ ಸಣ್ಣ ರಸ್ತೆಗಳಲ್ಲಿ ಎದುರು ಬಸ್ಸು ಬಂದರೆ ಅದರ ಅಗಲ ನೆನಪಾಗುತ್ತದೆ. ಆದರೆ ಅದೇ ಘಾಟಿಯನ್ನು ಅದೇ ಏಳು ಜನ ಕೂತು ಅದು ಎರಡನೇ ಗೇರಿನಲ್ಲಿ ಕೆಮ್ಮದೆ ಹತ್ತಿತು. ಅತ್ತೆ "ಈ ಗಾಡಿ ನಮ್ಮದಾ?" ಅಂತ ಕೇಳಿದರು. ಸುಮ್ಮನಿದ್ದೆ.

ಇನ್ನೊಂದು, ಮಾರುವಾಗಿನ ಬೆಲೆ. ಮಂಗಳೂರಿನ ಒಬ್ಬ ಬ್ರೋಕರ್ ಭಾವನ ಗಾಡಿಗೆ ಕಣ್ಣು ಮುಚ್ಚಿ 10,75,000 ಹೇಳಿದ. ನನ್ನದನ್ನು ಸುತ್ತು ಹಾಕಿ ನೋಡಿ, ಬಗ್ಗಿ ಕೆಳಗೆ ನೋಡಿ, ನಾಲ್ಕು ಅಂದ. ವೆಲ್ಡಿಂಗ್ ಕಂಡಿರಬೇಕು. ಭಾವನದಕ್ಕೆ 2028ರಲ್ಲಿ 15 ವರ್ಷ ತುಂಬುತ್ತದೆ, ಆರ್‌ಸಿ ನವೀಕರಣ ಮಾಡಿಸಬೇಕು. ಅದು ಹತ್ತಿರ ಬಂದಷ್ಟೂ ಅದರ ಬೆಲೆಯೂ ಇಳಿಯುತ್ತದೆ.

ಕಳೆದ ವಾರ ಭಾವ ಫೋನ್ ಮಾಡಿ, ಇನ್ನು ಎರಡು ವರ್ಷ ಊರಿಗೆ ಬರುವ ಹಾಗೆ ಕಾಣುವುದಿಲ್ಲ, ಗಾಡಿ ಮಾರುವುದಾದರೆ ನೀನೇ ಇಟ್ಟುಕೊಳ್ತೀಯಾ ಅಂತ ಕೇಳಿದರು. ಡೈರಿ ಫೋಟೋ ತೆಗೆದು ಕಳಿಸಿದ್ದೇನೆ, ಟೈಮಿಂಗ್ ಬೆಲ್ಟಿನ ಪುಟ ಮೊದಲು. ಬ್ರೋಕರ್ ಹೇಳಿದ ರೇಟು ಮಾತ್ರ ಇನ್ನೂ ಹೇಳಿಲ್ಲ. ಹತ್ತಕ್ಕೆ ಇಳಿಯುತ್ತಾರಾ ಅಂತ ಅಕ್ಕನ ಮೂಲಕ ಕೇಳಿಸಬೇಕು.